ಕ್ಯಾಸೆಟ್‌ನಲ್ಲಿ ಊರಿಗೆ ಬಂದ ಸಿಟ್ಟು

ಸುಗ್ಗಿ ಮುಗಿದಿದೆ. 1980ರ ದಶಕದ ನಡುಭಾಗ. ಮಾನ್ವಿ ತಾಲ್ಲೂಕಿನ ಒಂದು ಊರಿನಲ್ಲಿ ಜಾತ್ರೆ. ರಾಯಚೂರಿನಿಂದ ಬಂದ ಮಧ್ಯಾಹ್ನದ ಬಸ್ಸಿನಿಂದ ಕೌದಿಯಲ್ಲಿ ಸುತ್ತಿದ ಟಿ.ವಿ. ಇಳಿಯುತ್ತದೆ. ಅದರ ಹಿಂದೆ ವಿಸಿಆರ್, ಸ್ಟೆಬಿಲೈಜರ್, ಕೈಚೀಲದಲ್ಲಿ ಮೂರು ಕ್ಯಾಸೆಟ್. ಹೊತ್ತು ಮುಳುಗುವುದರೊಳಗೆ ಸುದ್ದಿ ಸುತ್ತಲಿನ ಹಳ್ಳಿಗಳಿಗೂ ಮುಟ್ಟಿರುತ್ತದೆ: 'ಅಗಸಿ ಮುಂದ ವಿಡಿಯೊ ಹಚ್ಚ್ಯಾರಂತ, ನಡೀರಿ.'

ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಮೇಜು, ಮೇಜಿನ ಮೇಲೆ ಟಿ.ವಿ. ಮುಂದೆ ಮಕ್ಕಳು, ಒಂದು ಬದಿಗೆ ಹೆಂಗಸರು, ಇನ್ನೊಂದು ಬದಿಗೆ ಕಂಬಳಿ ಹೊದ್ದ ಗಂಡಸರು. ಎಲ್ಲರ ಹಿಂದೆ, ನಡುವೆ ನಾಲ್ಕು ಮಾರು ಜಾಗ ಬಿಟ್ಟು, ದಲಿತರ ಕೇರಿಯ ಜನ ತಮ್ಮ ಗೋಣಿಚೀಲ ತಾವೇ ತಂದು ಹಾಸಿಕೊಂಡು ಕೂತಿರುತ್ತಾರೆ. ಮೊದಲು ದೇವರ ಪಿಚ್ಚರ್, ಆಮೇಲೆ ರಾಜ್‌ಕುಮಾರ್ ಪಿಚ್ಚರ್. ನಡುರಾತ್ರಿ ದಾಟಿದ ಮೇಲೆ ಮೂರನೆಯದು, ಫೈಟಿಂಗ್ ಪಿಚ್ಚರ್. ಅಷ್ಟರಲ್ಲಿ ಹಿರಿಯರು ಎದ್ದು ಮನೆಗೆ ಹೋಗಿರುತ್ತಾರೆ, ಮುಂದಿನ ಸಾಲು ತೆಳ್ಳಗಾಗಿರುತ್ತದೆ. ಹಿಂದೆ ಕೂತಿದ್ದ ಹುಡುಗರು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿಯುತ್ತಾರೆ.

ಈ ಮೂರನೆಯ ಪಿಚ್ಚರ್ ಬಗ್ಗೆ ನಮ್ಮಲ್ಲಿ ಯಾರೂ ಹೆಚ್ಚು ಬರೆದಿಲ್ಲ. ಕಡಿಮೆ ದುಡ್ಡಿನಲ್ಲಿ, ಅವಸರದಲ್ಲಿ ತೆಗೆದ ಸೇಡಿನ ಕಥೆಗಳು ಅವು. ಅನ್ಯಾಯವಾದವನು, ಅಥವಾ ಅನ್ಯಾಯವಾದವಳು, ಕೊನೆಯ ರೀಲಿನಲ್ಲಿ ಲೆಕ್ಕ ಚುಕ್ತಾ ಮಾಡುವ ಕಥೆಗಳು. ರಾಯಚೂರು, ದೇವದುರ್ಗ, ಮಾನ್ವಿಯ ಹಳ್ಳಿಗಳಿಗೆ ಇವು ಹೇಗೆ ಬಂದವು, ಯಾರು ನೋಡಿದರು, ಈಗ ಅವು ಎಲ್ಲಿ ಹೋದವು ಎಂದು ಕೇಳಿದರೆ ಈ ಸೀಮೆಯ ಚರಿತ್ರೆಯ ಒಂದು ಪಾಲು ಬಿಚ್ಚಿಕೊಳ್ಳುತ್ತದೆ.

ನಿಜಾಮ ಹೋದರೂ ಉಳಿದ ಗಡಿ

ಕೃಷ್ಣೆ, ತುಂಗಭದ್ರೆಯರ ನಡುವಿನ ಈ ದೋಆಬ್ 1948ರ ತನಕ ಹೈದರಾಬಾದಿನ ನಿಜಾಮನ ಆಳ್ವಿಕೆಯಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಕಚೇರಿಯ ನಕ್ಷೆ ಬದಲಾಯಿತು. ಸಿನಿಮಾ ವ್ಯಾಪಾರದ ನಕ್ಷೆ ಬದಲಾಗಲಿಲ್ಲ. ಹಿಂದಿ ಚಿತ್ರಗಳ ವಿತರಕರ ಲೆಕ್ಕದಲ್ಲಿ ರಾಯಚೂರು, ಕಲಬುರಗಿ, ಬೀದರ್ ಜಿಲ್ಲೆಗಳು ಮುಂದೆಯೂ 'ನಿಜಾಮ್ ಸರ್ಕಿಟ್' ಎನ್ನುವ ವಲಯದಲ್ಲೇ ಉಳಿದವು.

ಇದರ ಜೊತೆಗೆ ನೀರು ತಂದ ಬದಲಾವಣೆಯೊಂದಿತ್ತು. ತುಂಗಭದ್ರಾ ಎಡದಂಡೆ ಕಾಲುವೆ ಹರಿದ ಮೇಲೆ ಸಿಂಧನೂರು, ಮಾನ್ವಿಯ ಎರೆ ಹೊಲಗಳಲ್ಲಿ ಭತ್ತ ಬೆಳೆಯಲು ಆಂಧ್ರದ ಕರಾವಳಿಯಿಂದ ರೈತರು ಬಂದು ನೆಲೆಸಿದರು. ಅವರ 'ಕ್ಯಾಂಪು'ಗಳು ಇಂದಿಗೂ ಊರ ಹೆಸರುಗಳಲ್ಲೇ ಇವೆ. ಬಂದವರ ಜೊತೆ ಅವರ ಸಿನಿಮಾವೂ ಬಂತು. ಹೀಗಾಗಿ ರಾಯಚೂರಿನ ಪ್ರೇಕ್ಷಕನಿಗೆ ಕನ್ನಡ ಮನೆಮಾತು, ದಖನಿ ಉರ್ದು ಬಜಾರಿನ ಮಾತು, ತೆಲುಗು ಕೂಲಿಯ ಮತ್ತು ಸಿನಿಮಾದ ಮಾತು. ಕನ್ನಡಕ್ಕೆ ಡಬ್ಬಿಂಗ್ ಮಾಡಬಾರದೆಂಬ ಅಲಿಖಿತ ಕಟ್ಟು 1960ರ ದಶಕದಿಂದ ಇದ್ದರೂ ಇಲ್ಲಿನವರಿಗೆ ಅದು ಅಡ್ಡಿಯಾಗಲಿಲ್ಲ. ಅವರು ತೆಲುಗನ್ನು ತೆಲುಗಿನಲ್ಲೇ, ಹಿಂದಿಯನ್ನು ಹಿಂದಿಯಲ್ಲೇ ನೋಡಿದರು.

ಆದರೆ ನೋಡಲು ಜಾಗ ಬೇಕಿತ್ತು. ರಾಯಚೂರು ನಗರ ಮುಂಬಯಿ–ಚೆನ್ನೈ ರೈಲುಹಾದಿಯ ಮೇಲಿದೆ. ರೀಲಿನ ಡಬ್ಬಗಳು ಇಲ್ಲಿಗೆ ಸಲೀಸಾಗಿ ಬರುತ್ತಿದ್ದವು. ದೇವದುರ್ಗ, ಮಾನ್ವಿಗೆ ಆಗ ರೈಲು ಇರಲಿಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಮಾಡಿದಾಗ ಈ ಎರಡೂ ಅದರಲ್ಲಿದ್ದವು. ಸಿನಿಮಾ ವ್ಯಾಪಾರಿಗಳ ಭಾಷೆಯಲ್ಲಿ ಇಂಥವು 'ಸಿ ಸೆಂಟರ್'. ಬೆಂಗಳೂರಿನಲ್ಲಿ ಓಡಿ, ಜಿಲ್ಲಾ ಕೇಂದ್ರಗಳಲ್ಲಿ ಸವೆದು, ಗೆರೆ ಬಿದ್ದ ಪ್ರಿಂಟು ತಿಂಗಳುಗಟ್ಟಲೆ ತಡವಾಗಿ ಬಂದು ಮುಟ್ಟುವ ಕೊನೆಯ ನಿಲ್ದಾಣ. ಹಳ್ಳಿಗಳಿಗೆ ಅದೂ ಇಲ್ಲ. ಬೇಸಿಗೆಯಲ್ಲಿ ಟೂರಿಂಗ್ ಟಾಕೀಸ್ ಡೇರೆ ಹಾಕಿದರೆ ಉಂಟು, ಇಲ್ಲವಾದರೆ ಇಲ್ಲ.

ಡಬ್ಬ ಹೋಗಿ ಕ್ಯಾಸೆಟ್ ಬಂತು

ಎರಡೂವರೆ ಗಂಟೆಯ ಒಂದು ಸಿನಿಮಾ ಎಂದರೆ ಹದಿನೈದರ ಆಸುಪಾಸು ರೀಲು. ಒಂದೊಂದು ಸುಮಾರು ಸಾವಿರ ಅಡಿ, ಹತ್ತು–ಹನ್ನೊಂದು ನಿಮಿಷ ಓಡುವಂಥದ್ದು. ಕಬ್ಬಿಣದ ಪೆಟ್ಟಿಗೆ, ಹೊರುವ ಕೂಲಿ, ಪ್ರೊಜೆಕ್ಟರ್, ಅದನ್ನು ನಡೆಸಬಲ್ಲವನು, ಪರವಾನಗಿ, ಇಷ್ಟೆಲ್ಲ ಕೂಡಿದರೆ ಒಂದು ಆಟ. ವಿಎಚ್‌ಎಸ್ ಕ್ಯಾಸೆಟ್ ಇದನ್ನೆಲ್ಲ ಕೈಚೀಲದೊಳಗೆ ಹಾಕಿಬಿಟ್ಟಿತು.

ಜಪಾನಿನ ಜೆವಿಸಿ ಕಂಪನಿ ವಿಎಚ್‌ಎಸ್ ತಂದದ್ದು 1976ರಲ್ಲಿ. ಭಾರತದಲ್ಲಿ ಅದು ಹರಡಿದ್ದು 1982ರ ನಂತರ. ಆ ವರ್ಷ ದೂರದರ್ಶನಕ್ಕೆ ಬಣ್ಣ ಬಂತು, ದಿಲ್ಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು, ಬಣ್ಣದ ಟಿ.ವಿ.ಗಳ ಆಮದಿನ ನಿಯಮವನ್ನು ಸರ್ಕಾರ ಸಡಿಲಿಸಿತು. ಟಿ.ವಿ. ಬಂದ ಮನೆಗೆ ವಿಸಿಆರ್ ಬರಲು ತಡವಾಗಲಿಲ್ಲ. ಕೊಳ್ಳಲಾರದವರು ಬಾಡಿಗೆಗೆ ತಂದರು. ವರ್ಷ ಎರಡು ವರ್ಷದಲ್ಲಿ ಜಿಲ್ಲಾ ಕೇಂದ್ರಗಳ ಬಜಾರುಗಳಲ್ಲಿ ವಿಡಿಯೊ ಸೆಂಟರ್‌ಗಳ ಬೋರ್ಡು ಎದ್ದವು.

ಕ್ಯಾಸೆಟ್ಟಿನೊಳಗೆ ಇರುವುದು ಅರ್ಧ ಇಂಚು ಅಗಲದ ಪ್ಲಾಸ್ಟಿಕ್ ಪಟ್ಟಿ, ಅದರ ಮೈಗೆ ಅಯಸ್ಕಾಂತದ ಗುಣವುಳ್ಳ ಪುಡಿಯ ಲೇಪ. ವಿಸಿಆರ್‌ನಲ್ಲಿ ಓರೆಯಾಗಿ ಕೂತ ಉರುಳೆ ಗಿರಗಿರನೆ ಸುತ್ತುತ್ತ ಪಟ್ಟಿಯ ಮೇಲೆ ಓರೆಗೆರೆಗಳಲ್ಲಿ ಚಿತ್ರವನ್ನು ಬರೆಯುತ್ತದೆ, ಓದುತ್ತದೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿದ್ದ 'ಇ–180' ಕ್ಯಾಸೆಟ್ ಮೂರು ಗಂಟೆಯದು. ಹಾಡು, ಫೈಟು, ಕಣ್ಣೀರು ಎಲ್ಲ ಸೇರಿದ ಒಂದು ಕನ್ನಡ ಅಥವಾ ತೆಲುಗು ಸಿನಿಮಾ ಅದರೊಳಗೆ ಪೂರ್ತಿ ಹಿಡಿಸುತ್ತಿತ್ತು.

ಚಿತ್ರದ ಗುಣ ಮಾತ್ರ ಬಹಳ ಕಡಿಮೆ. ವಿಎಚ್‌ಎಸ್‌ನಲ್ಲಿ ಬಣ್ಣದ ವಿವರ ಬೆಳಕಿನ ವಿವರಕ್ಕಿಂತಲೂ ತೀರ ಮಸುಕು. ಕೆಂಪು ಬಣ್ಣವಂತೂ ತನ್ನ ಅಂಚು ಬಿಟ್ಟು ಪಕ್ಕಕ್ಕೆ ಹರಿಯುತ್ತದೆ. ಸೇಡಿನ ಸಿನಿಮಾದಲ್ಲಿ ಕುಂಕುಮ, ಸೀರೆ, ರಕ್ತ ಎಲ್ಲವೂ ಕೆಂಪೇ. ಮೂಲದಿಂದ ಪ್ರತಿ, ಪ್ರತಿಯಿಂದ ಪ್ರತಿ ಎಂದು ಮೂರನೆಯ ಕೈಗೆ ಬರುವಷ್ಟರಲ್ಲಿ ಮುಖಗಳು ಕರಗಿ ಆಕಾರಗಳಷ್ಟೇ ಉಳಿಯುತ್ತಿದ್ದವು. ಅಗಲ ಪರದೆಗೆಂದು ತೆಗೆದ ಚಿತ್ರವನ್ನು ಚೌಕ ಟಿ.ವಿ.ಗೆ ಹೊಂದಿಸಲು ಎಡಬಲ ಕತ್ತರಿಸುತ್ತಿದ್ದರು. ಹೊಡೆದಾಟದಲ್ಲಿ ಹೊಡೆದವನು ಕಾಣುತ್ತಾನೆ, ಹೊಡೆತ ತಿಂದವನು ಚೌಕಟ್ಟಿನ ಆಚೆ. ಆದರೂ ಜನ ಕಣ್ಣು ಮಿಟುಕಿಸದೆ ನೋಡಿದರು. ಕಾಣದ್ದನ್ನು ತಾವೇ ತುಂಬಿಕೊಂಡರು.

ಡೆಟ್ರಾಯಿಟ್‌ನಲ್ಲಿ ಹೊತ್ತಿದ ಕಿಡಿ

ಇಂಥ ಅಗ್ಗದ ಸೇಡಿನ ಸಿನಿಮಾಗಳಿಗೆ ಅಮೆರಿಕದಲ್ಲಿ ಒಂದು ದೊಡ್ಡ ಕುಟುಂಬವಿದೆ. ಮೆಲ್ವಿನ್ ವ್ಯಾನ್ ಪೀಬಲ್ಸ್ ಎಂಬ ಕಪ್ಪು ನಿರ್ದೇಶಕ 1971ರಲ್ಲಿ ತೆರೆಕಂಡ 'ಸ್ವೀಟ್ ಸ್ವೀಟ್‌ಬ್ಯಾಕ್ಸ್ ಬ್ಯಾಡ್ಯಾಸ್ ಸಾಂಗ್' ಎಂಬ ಚಿತ್ರವನ್ನು 19 ದಿನಗಳಲ್ಲಿ ಚಿತ್ರೀಕರಿಸಿದ. ಕಥೆ, ನಿರ್ದೇಶನ, ಸಂಕಲನ, ಸಂಗೀತ, ನಾಯಕನ ಪಾತ್ರ ಎಲ್ಲ ಅವನದೇ. ಸಾಲ ಮಾಡಿ ಮುಗಿಸಿದ ಆ ಚಿತ್ರ ಮೊದಲು ಬಿಡುಗಡೆಯಾದದ್ದು ಡೆಟ್ರಾಯಿಟ್ ಮತ್ತು ಅಟ್ಲಾಂಟಾ ನಗರಗಳ ಒಂದೊಂದೇ ಚಿತ್ರಮಂದಿರದಲ್ಲಿ. ಕಪ್ಪು ಯುವಕನನ್ನು ಹೊಡೆಯುತ್ತಿದ್ದ ಪೊಲೀಸರ ಮೇಲೆ ತಿರುಗಿಬಿದ್ದ ನಾಯಕ ಊರೂರು ಓಡುತ್ತಾನೆ. ಕೊನೆಗೆ ಗಡಿ ದಾಟಿ ಬದುಕುತ್ತಾನೆ. ಬಿಳಿಯ ಪೊಲೀಸರಿಗೆ ಎದುರು ನಿಂತ ಕಪ್ಪು ನಾಯಕ ಸಾಯದೆ ಉಳಿಯುವುದನ್ನು ಆ ಪ್ರೇಕ್ಷಕರು ಅಮೆರಿಕದ ತೆರೆಯ ಮೇಲೆ ಅಲ್ಲಿಯತನಕ ಕಂಡದ್ದು ಇಲ್ಲವೆನ್ನುವಷ್ಟು ಕಡಿಮೆ. ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹ್ಯೂಯಿ ನ್ಯೂಟನ್ ತನ್ನ ಪಕ್ಷದವರೆಲ್ಲ ಇದನ್ನು ನೋಡಲೇಬೇಕು ಎಂದ.

ಅದೇ ವರ್ಷ 'ಶಾಫ್ಟ್', ಮರುವರ್ಷ 'ಸೂಪರ್ ಫ್ಲೈ', 1973ರಲ್ಲಿ 'ಕಾಫಿ' ಬಂದವು. 'ಕಾಫಿ'ಯಲ್ಲಿ ಪ್ಯಾಮ್ ಗ್ರಿಯರ್ ನರ್ಸ್ ಪಾತ್ರ ಮಾಡಿದ್ದಾಳೆ. ಮಾದಕ ವಸ್ತು ತನ್ನ ತಂಗಿಯನ್ನು ಹಾಳುಮಾಡಿದ್ದಕ್ಕೆ ಅವಳು ಒಬ್ಬೊಬ್ಬರನ್ನೇ ಹುಡುಕಿ ಹೊಡೆಯುತ್ತಾಳೆ. ಹತ್ತಾರು ಕಂಪನಿಗಳು ಇದೇ ಅಚ್ಚಿನಲ್ಲಿ ಅಗ್ಗದ ಚಿತ್ರಗಳನ್ನು ಎರಕ ಹೊಯ್ದವು. ಕಪ್ಪು ಜನರನ್ನು ತೋರಿಸಿ ಲಾಭ ಹೊಡೆಯುವ ದಂಧೆ ಇದು ಎಂದು ಕಪ್ಪು ಜನರ ಹಕ್ಕುಗಳ ಸಂಘಟನೆಗಳೇ ಸಿಡಿದವು. 'ಬ್ಲಾಕ್ಸ್‌ಪ್ಲಾಯ್ಟೇಶನ್' ಎಂಬ ಹೆಸರು ಹುಟ್ಟಿದ್ದು ಆ ಟೀಕೆಯಿಂದ. 1970ರ ದಶಕ ಮುಗಿಯುವಾಗ ಅಲೆ ಇಳಿದಿತ್ತು.

ಚಿತ್ರಮಂದಿರಗಳು ಮರೆತ ಈ ಸಿನಿಮಾಗಳನ್ನು ಬದುಕಿಸಿದ್ದು ವಿಡಿಯೊ ಕ್ಯಾಸೆಟ್. ರೂಡಿ ರೇ ಮೂರ್ ಎಂಬ ಹಾಸ್ಯಗಾರ ತನ್ನ ಕೈಯಿಂದ ದುಡ್ಡು ಹಾಕಿ 1975ರಲ್ಲಿ ತಂದ 'ಡಾಲಮೈಟ್' ಚಿತ್ರದಲ್ಲಿ ಮಾಡದ ತಪ್ಪಿಗೆ ಜೈಲಿಗೆ ಹೋದವನು ಹೊರಬಂದು ಸೇಡು ತೀರಿಸಿಕೊಳ್ಳುತ್ತಾನೆ. ಮೈಕ್ ತೆರೆಯೊಳಗೇ ಇಣುಕುವಷ್ಟು ಒರಟು ಕೆಲಸ. ಅದು ಕ್ಯಾಸೆಟ್ಟಿನಲ್ಲಿ ಕೈಯಿಂದ ಕೈಗೆ ಹೋಯಿತು. ರ್‍ಯಾಪ್ ಹಾಡುಗಾರರ ತಲೆಮಾರು ಅವನನ್ನು ಗುರು ಎಂದಿತು. 2016ರಲ್ಲಿ 'ವಿನೆಗರ್ ಸಿಂಡ್ರೋಮ್' ಎಂಬ ಸಂಸ್ಥೆ ಆ ಚಿತ್ರವನ್ನು ಶುದ್ಧಗೊಳಿಸಿ ಬ್ಲೂ–ರೇ ತಂದಿತು. 'ಶಾಫ್ಟ್' 2000ರಲ್ಲೂ 'ಸ್ವೀಟ್‌ಬ್ಯಾಕ್' 2020ರಲ್ಲೂ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿದವು. ಒಂದು ಕಾಲಕ್ಕೆ ಬೈಸಿಕೊಂಡದ್ದು ಇನ್ನೊಂದು ಕಾಲಕ್ಕೆ ದಾಖಲೆಯಾಯಿತು.

ಚೋಮನಿಂದ ಕನ್ವರ್‌ಲಾಲ್ ತನಕ

ಅತ್ತ ಕಪ್ಪು ನಾಯಕರು ತೆರೆಯ ಮೇಲೆ ತಿರುಗಿಬೀಳುತ್ತಿದ್ದ ಹೊತ್ತಿಗೆ ಇತ್ತ ಏನಾಗುತ್ತಿತ್ತು? 1972ರಲ್ಲಿ ಮುಂಬಯಿಯ ಯುವಕರು ಬ್ಲ್ಯಾಕ್ ಪ್ಯಾಂಥರ್ ಹೆಸರಿನಿಂದಲೇ ಸ್ಫೂರ್ತಿ ಪಡೆದು ದಲಿತ ಪ್ಯಾಂಥರ್ಸ್ ಕಟ್ಟಿದರು. 1973ರಲ್ಲಿ, ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂಬ ಸಚಿವ ಬಿ. ಬಸವಲಿಂಗಪ್ಪನವರ ಮಾತಿನ ಸುತ್ತ ಬೂಸಾ ಚಳವಳಿಯ ಗದ್ದಲ ಎದ್ದಿತು. ಬೆನ್ನಿಗೇ ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ಧಲಿಂಗಯ್ಯನವರ ಪೀಳಿಗೆ ದಲಿತ ಸಂಘರ್ಷ ಸಮಿತಿಯನ್ನು ಹಳ್ಳಿಹಳ್ಳಿಗೆ ಒಯ್ದಿತು. 1974ರ ಮಾರ್ಚ್ 1ರಿಂದ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಬೀದಿಯಲ್ಲಿ ಸಿಟ್ಟಿತ್ತು, ಕಾನೂನಿನಲ್ಲಿ ಚಲನೆಯಿತ್ತು.

ತೆರೆಯ ಮೇಲೆ ದಲಿತ ಬಂದದ್ದು ಬೇರೆ ರೀತಿಯಲ್ಲಿ. 1975ರ 'ಚೋಮನ ದುಡಿ' ದೊಡ್ಡ ಚಿತ್ರ. ಬಿ.ವಿ. ಕಾರಂತರ ನಿರ್ದೇಶನ, ಎಂ.ವಿ. ವಾಸುದೇವರಾಯರ ಅಭಿನಯ, ಎರಡಕ್ಕೂ ಸಾಟಿಯಿಲ್ಲ. ಅದು ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಆದರೆ ಚೋಮ ತುಂಡು ಭೂಮಿಯನ್ನು ಬೇಡುತ್ತಾನೆ, ಸಿಗುವುದಿಲ್ಲ, ದುಡಿ ಬಡಿಯುತ್ತ ಸಾಯುತ್ತಾನೆ. ಆ ಕಾಲದ ಕಲಾತ್ಮಕ ಚಿತ್ರಗಳು ಕೆಳಜಾತಿಯವನ ನೋವನ್ನು ಆಳವಾಗಿ ತೋರಿಸಿದವು. ಅವನು ಗೆಲ್ಲುವುದನ್ನು ತೋರಿಸುವ ಧೈರ್ಯ ಮಾಡಲಿಲ್ಲ. ಇದನ್ನು ನಾನು ಆ ಚಿತ್ರಗಳ ಮೇಲಿನ ಗೌರವ ಕಡಿಮೆ ಮಾಡಿಕೊಳ್ಳದೆಯೇ ಹೇಳುತ್ತಿದ್ದೇನೆ. ಮಾನ್ವಿಯ ಜಾತ್ರೆಯಲ್ಲಿ ಹಿಂದೆ ಕೂತ ಹುಡುಗನಿಗೆ ಸೋಲು ಏನೆಂದು ಯಾರೂ ಕಲಿಸಬೇಕಾಗಿರಲಿಲ್ಲ.

ಗೆಲುವು ಸಿಕ್ಕಿದ್ದು ವ್ಯಾಪಾರಿ ಚಿತ್ರಗಳಲ್ಲಿ. ಎಚ್.ಕೆ. ಅನಂತರಾವ್ ಅವರು 'ಸುಧಾ' ವಾರಪತ್ರಿಕೆಯಲ್ಲಿ ಬರೆದ ಧಾರಾವಾಹಿಯನ್ನು ಎಸ್.ವಿ. ರಾಜೇಂದ್ರಸಿಂಗ್ ಬಾಬು 1981ರಲ್ಲಿ 'ಅಂತ' ಮಾಡಿದರು. ಪ್ರಾಮಾಣಿಕ ಪೊಲೀಸ್ ಅಧಿಕಾರಿ ಸುಶೀಲ್‌ಕುಮಾರ್ ತನ್ನಂತೆಯೇ ಕಾಣುವ ಕೇಡಿ ಕನ್ವರ್‌ಲಾಲ್‌ನ ವೇಷದಲ್ಲಿ ಪಾತಕಿಗಳ ಗುಂಪಿಗೆ ನುಸುಳುತ್ತಾನೆ. ಎರಡೂ ಅಂಬರೀಷ್. ಅವನ ಮೇಲೆ ನಡೆಯುವ ಚಿತ್ರಹಿಂಸೆ, ಅವನ ಗರ್ಭಿಣಿ ಹೆಂಡತಿಯ ಕೊಲೆ ನೋಡುವವರ ಎದೆ ನಡುಗಿಸಿದವು. ಹಿಂಸೆಗಾಗಿ ಮತ್ತು ಅಧಿಕಾರಸ್ಥರನ್ನು ತೋರಿಸಿದ ರೀತಿಗಾಗಿ ಚಿತ್ರ ದೊಡ್ಡ ವಿವಾದಕ್ಕೆ ಸಿಕ್ಕಿತು. 'ಮೇರಿ ಆವಾಜ್ ಸುನೋ' ಎಂದು ಹಿಂದಿಗೂ ಹೋಯಿತು. ಕನ್ವರ್‌ಲಾಲ್ ಹಿಂದಿ ಬೆರೆಸಿ ಗರ್ಜಿಸುವ ಮಾತು ಕನ್ನಡನಾಡಿನ ಎಲ್ಲೆಡೆ ಜನಪ್ರಿಯ. ದಖನಿಯಲ್ಲೇ ಜಗಳವಾಡಿ, ದಖನಿಯಲ್ಲೇ ರಾಜಿಯಾಗುವ ರಾಯಚೂರಿನ ಬಜಾರಿಗೆ ಅದು ಪಕ್ಕದ ಓಣಿಯ ಮಾತು.

1983ರ 'ಚಕ್ರವ್ಯೂಹ' ಇನ್ನೂ ಮುಂದೆ ಹೋಯಿತು. ಮುಖ್ಯಮಂತ್ರಿಯಾದ ನಾಯಕ ಭ್ರಷ್ಟ ಮಂತ್ರಿಗಳನ್ನು ಒಟ್ಟಿಗೇ ಗುಂಡಿಟ್ಟು ಕೊಲ್ಲುತ್ತಾನೆ. ಮುಂದಿನ ವರ್ಷ ಅದೇ ಕಥೆ ಹಿಂದಿಯಲ್ಲಿ ಅಮಿತಾಭ್ ಬಚ್ಚನ್‌ರ 'ಇನ್‌ಕಿಲಾಬ್' ಆಯಿತು.

ಅಮೆರಿಕದ ಚಿತ್ರಗಳಿಗೂ ಇವಕ್ಕೂ ಒಂದು ದೊಡ್ಡ ಅಂತರವಿದೆ. 'ಶಾಫ್ಟ್' ಚಿತ್ರದ ನಾಯಕ ಕಪ್ಪು ಮನುಷ್ಯ ಎಂಬುದು ಆ ಚಿತ್ರದ ಜೀವ. ನಮ್ಮ ಸೇಡಿನ ನಾಯಕನಿಗೆ ಜಾತಿಯನ್ನೇ ಹೇಳುವುದಿಲ್ಲ. ಅವನು ಬಡವ, ಪ್ರಾಮಾಣಿಕ, ಅನಾಥ. ನೋಡುವ ಪ್ರತಿಯೊಬ್ಬನೂ ಅವನನ್ನು ತನ್ನವನೆಂದುಕೊಳ್ಳಬಹುದು. ಅದರಿಂದ ಟಿಕೆಟ್ ಹೆಚ್ಚು ಮಾರಾಟವಾಗುತ್ತದೆ. ಆದರೆ ಕೇರಿಯ ಹುಡುಗ ತನ್ನ ಹೆಸರನ್ನು, ತನ್ನ ದೇವರನ್ನು, ತನ್ನ ಓಣಿಯನ್ನು ಆ ನಾಯಕನಲ್ಲಿ ಎಂದೂ ಕಾಣಲಿಲ್ಲ. ಭೂಸುಧಾರಣೆಯ ಕಾಲದ ಹಳ್ಳಿ, ಮಚ್ಚು ತಟ್ಟುವ ಕುಲುಮೆಯ ನಾಯಕ, ಉಳುವವನಿಗೆ ಭೂಮಿ ಎಂಬ ಹೋರಾಟ ಒಂದಾಗಿ ದೊಡ್ಡ ತಾರೆಯ ಚಿತ್ರವಾಗಲು 2023ರ 'ಕಾಟೇರ'ದ ತನಕ ಕಾಯಬೇಕಾಯಿತು.

ರಾಮುಲಮ್ಮನ ದಾರಿ

ರಾಯಚೂರಿನ ಪ್ರೇಕ್ಷಕ ಅಷ್ಟು ಕಾಯಬೇಕಿರಲಿಲ್ಲ. ಅವನಿಗೆ ಗಡಿಯಾಚೆಯ ತೆಲುಗು ಇತ್ತು. ಅಲ್ಲಿ 'ದೊರೆ'ಗಳೆನ್ನಿಸಿಕೊಂಡ ಜಮೀನ್ದಾರರ ವಿರುದ್ಧದ ರೈತ ಹೋರಾಟ, ಅಂದರೆ 1946ರಿಂದ 1951ರ ತನಕದ ತೆಲಂಗಾಣ ಸಶಸ್ತ್ರ ಹೋರಾಟ, ನೆನಪಿನಲ್ಲಿ ಹಸಿಯಾಗಿತ್ತು. ಅದು ನಡೆದದ್ದು ಇದೇ ನಿಜಾಮ ಸಂಸ್ಥಾನದಲ್ಲಿ. ಮಾದಾಲ ರಂಗರಾವ್ 1981ರಲ್ಲಿ 'ಎರ್ರ ಮಲ್ಲೆಲು' ತಂದರು. ಆರ್. ನಾರಾಯಣಮೂರ್ತಿ 1986ರ 'ಅರ್ಧರಾತ್ರಿ ಸ್ವತಂತ್ರಂ'ನಿಂದ ಶುರುಮಾಡಿ ತಾವೇ ನಿರ್ಮಾಪಕ, ನಿರ್ದೇಶಕ, ನಾಯಕರಾಗಿ ಸಣ್ಣ ದುಡ್ಡಿನಲ್ಲಿ 'ಎರ್ರ ಸೈನ್ಯಂ'ನಂಥ ಕೆಂಪು ಚಿತ್ರಗಳ ಸಾಲನ್ನೇ ಮಾಡಿದರು. ನಾಯಕ ಕೂಲಿಯವ, ಹಾಡು ಜನಪದ, ಎದುರಾಳಿ ಜಮೀನ್ದಾರ. ನನ್ನ ಲೆಕ್ಕದಲ್ಲಿ ವ್ಯಾನ್ ಪೀಬಲ್ಸ್‌ಗೆ ನಮ್ಮ ಕಡೆಯ ಹತ್ತಿರದ ಜೊತೆ ಇವರೇ.

ಪ್ಯಾಮ್ ಗ್ರಿಯರ್‌ಗೆ ಜೊತೆ ವಿಜಯಶಾಂತಿ. 1985ರ 'ಪ್ರತಿಘಟನ'ದಲ್ಲಿ ಉಪನ್ಯಾಸಕಿಯಾದ ಅವಳು ತನ್ನನ್ನು ನಡುಬೀದಿಯಲ್ಲಿ ಅವಮಾನಿಸಿದ ಪುಂಡ ರಾಜಕಾರಣಿಯನ್ನು ಕೊಡಲಿಯಿಂದ ಕಡಿಯುತ್ತಾಳೆ. 1997ರಲ್ಲಿ ದಾಸರಿ ನಾರಾಯಣರಾವ್ 'ಒಸೇಯ್ ರಾಮುಲಮ್ಮಾ' ತೆಗೆದರು. ದೊರೆಯ ವಾಡೆಯಲ್ಲಿ ತುಳಿತಕ್ಕೆ, ಅತ್ಯಾಚಾರಕ್ಕೆ ಸಿಕ್ಕ ಕೆಳಜಾತಿಯ ಹುಡುಗಿ ನಕ್ಸಲ್ ದಳದ ನಾಯಕಿಯಾಗಿ ಹಿಂತಿರುಗುತ್ತಾಳೆ. ವಂದೇಮಾತರಂ ಶ್ರೀನಿವಾಸ್ ಅವರ ಸಂಗೀತ ತೆಲಂಗಾಣದ ಹೋರಾಟದ ಹಾಡುಗಳ ಧಾಟಿಯದು. ಇಲ್ಲಿ ಜಾತಿ ಮುಚ್ಚಿಟ್ಟ ಸಂಗತಿಯಲ್ಲ, ಕಥೆಯೇ ಅದು.

ದೇವದಾಸಿ ಪದ್ಧತಿಯನ್ನು ಕರ್ನಾಟಕ 1982ರಲ್ಲಿ ಕಾನೂನು ಮಾಡಿ ನಿಷೇಧಿಸಿದ ಮೇಲೂ ಅದರ ನೆರಳು ದಲಿತ ಹೆಣ್ಣುಮಕ್ಕಳ ಮೇಲೆ ಉಳಿದ ಸೀಮೆ ಇದು. ಇಂಥ ಕಡೆ ರಾಮುಲಮ್ಮ ಬಂದೂಕು ಹಿಡಿದು ತಿರುಗಿ ನಿಂತ ದೃಶ್ಯಕ್ಕೆ ಒಂದು ಭಾರವಿದೆ. ಹೈದರಾಬಾದಿನ ಎ.ಸಿ. ಚಿತ್ರಮಂದಿರದಲ್ಲಿ ಕೂತು ಅದನ್ನು ಅಳೆಯಲಾಗದು.

ಎಲ್ಲಿ ಕೂತು ನೋಡಬೇಕು

ಸಿನಿಮಾ ಎಲ್ಲರನ್ನೂ ಒಂದೇ ಸೂರಿನಡಿ ತರುತ್ತದೆ ಎನ್ನುತ್ತಾರೆ. ಈ ಮಾತನ್ನು ಮರಕುಂಬಿಯ ಮುಂದೆ ಇಟ್ಟು ನೋಡಬೇಕು.

ಗಂಗಾವತಿ ತಾಲ್ಲೂಕಿನ ಮರಕುಂಬಿ ಇಂದು ಕೊಪ್ಪಳ ಜಿಲ್ಲೆಯಲ್ಲಿದೆ. 1997ರ ತನಕ ಅದು ರಾಯಚೂರು ಜಿಲ್ಲೆಯ ಊರು. ಕ್ಷೌರದಂಗಡಿ, ಹೋಟೆಲುಗಳಿಗೆ ದಲಿತರನ್ನು ಸೇರಿಸದಿರುವ ಬಗ್ಗೆ ಅಲ್ಲಿ ತಕರಾರು ಮೊದಲೇ ಹೊಗೆಯಾಡುತ್ತಿತ್ತು. 2014ರ ಆಗಸ್ಟ್ 28ರಂದು ಗಂಗಾವತಿಗೆ ಸಿನಿಮಾ ನೋಡಲು ಹೋದ ಸಂದರ್ಭದ ಗಲಾಟೆಯೊಂದು ಊರಿಗೆ ಬಂತು. ದಲಿತರ ಕೇರಿಯ ಮೇಲೆ ಗುಂಪು ದಾಳಿ ನಡೆದು ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ನಂತರ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿಯ ಹಂತದಲ್ಲಿ ಹೈಕೋರ್ಟ್‌ನ ಧಾರವಾಡ ಪೀಠ ಅವರಲ್ಲಿ ಹೆಚ್ಚಿನವರಿಗೆ ಜಾಮೀನು ನೀಡಿತು.

ಚಿತ್ರಮಂದಿರದಲ್ಲಿ ದುಡ್ಡು ಕೊಟ್ಟವನಿಗೆ ಕುರ್ಚಿ. ಈ ಸರಳ ನಿಯಮವೇ ಕೆಲವರ ಕಣ್ಣಿಗೆ ಮುಳ್ಳು. ಹಳ್ಳಿಯ ವಿಡಿಯೊ ಆಟಕ್ಕೆ ಆ ನಿಯಮವೂ ಇರಲಿಲ್ಲ, ಕೂರುವ ಜಾಗವನ್ನು ಊರಿನ ರಿವಾಜೇ ಹೇಳುತ್ತಿತ್ತು. ಬರಬರುತ್ತ ಕೇರಿಯವರೇ ದುಡ್ಡು ಕೂಡಿಸಿ, ಅಂಬೇಡ್ಕರ್ ಜಯಂತಿಗೋ ಮದುವೆಗೋ ತಮ್ಮ ಓಣಿಗೇ ವಿಡಿಯೊ ತರಿಸಿಕೊಳ್ಳಲು ಸಾಧ್ಯವಾದದ್ದು ಸಣ್ಣ ಬದಲಾವಣೆಯಲ್ಲ. ಯಾವ ಪಿಚ್ಚರ್ ಎಂದು ಅವರೇ ಆರಿಸುವರು. ಮುಂದಿನ ಸಾಲೂ ಅವರದೇ. ಕ್ಯಾಸೆಟ್ ಮಾಡಿದ ದೊಡ್ಡ ಕೆಲಸ ಇದು ಎಂದು ನಾನು ನಂಬಿದ್ದೇನೆ.

ಈ ಚಿತ್ರಗಳ ಒಳಗಿನ ಅನ್ಯಾಯ

ಇಷ್ಟು ಹೇಳಿದ ಮೇಲೆ ಇನ್ನೊಂದನ್ನು ಹೇಳದೆ ಬಿಡುವಂತಿಲ್ಲ. ಸೇಡಿನ ಸಿನಿಮಾಕ್ಕೆ ಮೊದಲು ಒಂದು ಅನ್ಯಾಯ ಬೇಕು. ಆ ಅನ್ಯಾಯ ಹತ್ತರಲ್ಲಿ ಒಂಬತ್ತು ಸಲ ಹೆಣ್ಣಿನ ಮೈಮೇಲೆ ನಡೆಯುತ್ತದೆ. ತಂಗಿಯ ಅತ್ಯಾಚಾರ, ಹೆಂಡತಿಯ ಕೊಲೆ, ತಾಯಿಯ ಅವಮಾನ. ಕ್ಯಾಮೆರಾ ಅದನ್ನು ದುಃಖದಿಂದ ನೋಡುವುದಿಲ್ಲ, ಆಸೆಯಿಂದ ನೋಡುತ್ತದೆ. ವಿಡಿಯೊ ಬಂದ ಮೇಲೆ ಅಂಥ ತುಣುಕನ್ನು ಹಿಂದಕ್ಕೆ ಸುತ್ತಿ ಮತ್ತೆ ನೋಡುವ ಅನುಕೂಲವೂ ಸಿಕ್ಕಿತು. ಆ ರಾತ್ರಿಗಳಲ್ಲಿ ಹೆಂಗಸರು ಎದ್ದುಹೋಗುತ್ತಿದ್ದರೆ ಅದಕ್ಕೆ ನಿದ್ದೆಯೊಂದೇ ಕಾರಣ ಎನ್ನಲಾಗದು.

ಅಮೆರಿಕದಲ್ಲಿ ಕೇಳಿದ ಪ್ರಶ್ನೆ ಇಲ್ಲಿಗೂ ಸಲ್ಲುತ್ತದೆ. ಸಿಟ್ಟು ಯಾರದು, ಲಾಭ ಯಾರದು? ಕೂಲಿಯ ಸಿಟ್ಟನ್ನು ತೋರಿಸಿ ದುಡ್ಡು ಮಾಡಿದ ನಿರ್ಮಾಪಕರಲ್ಲಿ ಆ ಓಣಿಯವರು ವಿರಳ. ಮತ್ತೆ, ತೆರೆಯ ಮೇಲೆ ಒಬ್ಬನೇ ನಾಯಕ ಎಲ್ಲ ಲೆಕ್ಕ ತೀರಿಸುತ್ತಾನೆ. ಸಂಘಟನೆ, ಕೋರ್ಟು, ಭೂನ್ಯಾಯಮಂಡಳಿಯ ಮುಂದೆ ವರ್ಷಾನುಗಟ್ಟಲೆ ಅಲೆಯುವ ಗೇಣಿದಾರ ಇವೆಲ್ಲ ಸಿನಿಮಾಕ್ಕೆ ಬೇಡ. ನಾರಾಯಣಮೂರ್ತಿಯವರ ಚಿತ್ರಗಳು ಇದಕ್ಕೆ ಅಪವಾದ, ಅಲ್ಲಿ ಗುಂಪಿಗೂ ಜಾಗವಿದೆ.

ಈ ದೋಷಗಳನ್ನೆಲ್ಲ ಒಪ್ಪಿಕೊಂಡೂ ಈ ಚಿತ್ರಗಳನ್ನು ಉಳಿಸಬೇಕು ಎನ್ನುತ್ತೇನೆ. ಅವು ಆ ಕಾಲದ ಭಯ, ಆಸೆ, ಹಸಿವುಗಳನ್ನು ಮರೆಮಾಚದೆ ತೋರಿಸುತ್ತವೆ.

ಕಾನೂನು ಹಿಂದೆ ಬಿತ್ತು

ಕ್ಯಾಸೆಟ್ ಓಡಿದ ವೇಗಕ್ಕೆ ಕಾನೂನು ತಡವಾಗಿ ಎಚ್ಚರಗೊಂಡಿತು. 1984ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂದು, ವಿಡಿಯೊ ಕ್ಯಾಸೆಟ್ಟಿನ ಮೇಲೆ ಸೆನ್ಸಾರ್ ಪ್ರಮಾಣಪತ್ರದ ಪ್ರತಿ, ತಯಾರಕರ ಮತ್ತು ಹಕ್ಕುದಾರರ ಹೆಸರು–ವಿಳಾಸ ಇರಲೇಬೇಕೆಂದು ವಿಧಿಸಲಾಯಿತು. ಶಿಕ್ಷೆಯನ್ನೂ ಹೆಚ್ಚಿಸಲಾಯಿತು. ವಿಡಿಯೊ ಪಾರ್ಲರ್‌ಗಳಲ್ಲಿ ಟಿಕೆಟ್ ಇಟ್ಟು ತೋರಿಸುವುದೂ ಸಿನಿಮಾ ಪ್ರದರ್ಶನವೇ, ಅದಕ್ಕೂ ಪರವಾನಗಿ ಬೇಕು ಎಂಬುದನ್ನು ಸುಪ್ರೀಂ ಕೋರ್ಟ್ 1993ರಲ್ಲಿ ಲಕ್ಷ್ಮಿ ವಿಡಿಯೊ ಥಿಯೇಟರ್ಸ್ ಪ್ರಕರಣದಲ್ಲಿ ಗಟ್ಟಿಮಾಡಿತು.

ಅಷ್ಟರಲ್ಲಿ ಕೇಬಲ್ ಬಂದಿತ್ತು. ಊರಿನ ಕೇಬಲ್‌ನವನೇ ರಾತ್ರಿ ಒಂದು ಕ್ಯಾಸೆಟ್ ಹಾಕಿದರೆ ಓಣಿಗೆಲ್ಲ ಸಿನಿಮಾ. 1994ರಲ್ಲಿ ಉದಯ ಟಿ.ವಿ. ಬಂತು. ಮುಂದೆ ವಿಸಿಡಿ. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ಒಂದು ವಿಸಿಡಿ ಮಾರತೊಡಗಿದಾಗ ಬಾಡಿಗೆ ಅಂಗಡಿಗಳಿಗೆ ಕೆಲಸವೇ ಉಳಿಯಲಿಲ್ಲ. ಅವು ಮೊಬೈಲ್ ರೀಚಾರ್ಜ್, ಜೆರಾಕ್ಸ್ ಅಂಗಡಿಗಳಾದವು. ಕ್ಯಾಸೆಟ್ಟುಗಳು ಅಟ್ಟ ಸೇರಿದವು, ಇಲ್ಲವೇ ಗುಜರಿಗೆ ಹೋದವು. ಜಗತ್ತಿನಲ್ಲಿ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಆ ಕೆಲಸ ನಿಲ್ಲಿಸಿತು.

ಅಟ್ಟದ ಮೇಲಿನ ಪೆಟ್ಟಿಗೆ

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬಂದದ್ದು 1934ರಲ್ಲಿ. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅಷ್ಟು ಮುಖ್ಯವಾದದ್ದಕ್ಕೇ ಆ ಗತಿಯಾದರೆ, ಹೆಸರಿಲ್ಲದ ಫೈಟಿಂಗ್ ಪಿಚ್ಚರ್‌ಗಳ ಪಾಡು ಊಹಿಸಬಹುದು. ಪ್ರಶಸ್ತಿ ಪಡೆದ ಚಿತ್ರಗಳನ್ನು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಕಾಪಾಡೀತು. ನೆಗೆಟಿವ್ ಹಾಳಾದ, ನಿರ್ಮಾಪಕ ದಿವಾಳಿಯಾದ ಸಣ್ಣ ಚಿತ್ರಕ್ಕೆ ಯಾರದೋ ಮನೆಯ ಕ್ಯಾಸೆಟ್ಟೇ ಕೊನೆಯ ಪ್ರತಿಯಾಗಿರುವ ಸಾಧ್ಯತೆ ಇದೆ.

ರಾಯಚೂರಿನ ಹವೆ ಅದಕ್ಕೆ ವೈರಿ. ಬೇಸಿಗೆಯ ಕಾದ ಅಟ್ಟದಲ್ಲಿ ಪಟ್ಟಿ ಹಿಗ್ಗಿ ಕುಗ್ಗುತ್ತದೆ. ಮಳೆಗಾಲದ ತೇವಕ್ಕೆ ಲೇಪವನ್ನು ಹಿಡಿದಿಡುವ ಅಂಟು ಸಡಿಲವಾಗಿ ಪಟ್ಟಿ ಜಿಗುಟಾಗುತ್ತದೆ, ಬಿಳಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಬಂದ ಕ್ಯಾಸೆಟ್ಟನ್ನು ಹಾಗೇ ವಿಸಿಆರ್‌ಗೆ ತುರುಕಿದರೆ ಉರುಳೆ ಪಟ್ಟಿಯನ್ನು ಕೆರೆದುಹಾಕುತ್ತದೆ, ಆ ಕೊಳೆ ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ.

ರಾಯಚೂರಿನಲ್ಲಿ ಈಗ ವಿಶ್ವವಿದ್ಯಾಲಯವಿದೆ. ಈ ಸೀಮೆಯ ಕ್ಯಾಸೆಟ್ಟುಗಳನ್ನು, ವಿಡಿಯೊ ಸೆಂಟರ್‌ಗಳ ಬಾಡಿಗೆ ವಹಿಗಳನ್ನು, ಅವನ್ನು ನಡೆಸಿದವರ ಮಾತುಗಳನ್ನು ಕೂಡಿಡುವ ಕೆಲಸ ಅಲ್ಲಿ ಶುರುವಾಗಬೇಕು. ಯಾವ ಊರು ಯಾವ ಪಿಚ್ಚರ್ ತರಿಸಿತು ಎಂಬ ಒಂದು ಹಳೆಯ ವಹಿ ಸಿಕ್ಕರೂ ಜನ ಏನನ್ನು ನೋಡಲು ಬಯಸಿದರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇರದು. ಆ ತಲೆಮಾರಿನವರಿಗೆ ಈಗ ಅರವತ್ತು, ಎಪ್ಪತ್ತು.

ನಿಮ್ಮ ಅಟ್ಟದ ಮೇಲೂ ಅಂಥ ಪೆಟ್ಟಿಗೆ ಇದ್ದರೆ ಮೊದಲು ಕೆಳಗಿಳಿಸಿ. ಕ್ಯಾಸೆಟ್ಟುಗಳನ್ನು ಮಲಗಿಸದೆ ಪುಸ್ತಕದ ಹಾಗೆ ನಿಲ್ಲಿಸಿ, ಬಿಸಿಲು ತಾಗದ ಒಣ ಜಾಗದಲ್ಲಿಡಿ. ಸ್ಪೀಕರ್ ಪಕ್ಕದಲ್ಲಿ ಬೇಡ, ಅದರೊಳಗೆ ಅಯಸ್ಕಾಂತ ಇರುತ್ತದೆ. ಬೆನ್ನಂಚಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ಚೂರನ್ನು ಮುರಿದುಬಿಡಿ, ಮೇಲೆ ಬೇರೇನೂ ರೆಕಾರ್ಡ್ ಆಗದು. ಚೀಟಿಯ ಮೇಲೆ ಕೈಬರಹದಲ್ಲಿ ಸಿನಿಮಾದ ಹೆಸರೋ ಅಂಗಡಿಯ ಮೊಹರೋ ಇದ್ದರೆ ಅದನ್ನು ಕೀಳಬೇಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಬೂಷ್ಟು ಕಂಡರೆ ನೀವಾಗಿ ಓಡಿಸಿ ನೋಡದೆ, ಹಳೆಯ ಟೇಪುಗಳನ್ನು ಡಿಜಿಟಲ್ ಮಾಡಿಕೊಡುವವರ ಕೈಗೆ ಕೊಡಿ. ಚೆನ್ನಾಗಿ ಉಳಿದ ಮೂರು ಗಂಟೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು ಮೂರು ಗಂಟೆಯೇ ಬೇಕು.